ಕರಿ ಹರಿಯದ ವರ್ಷದ ಫುಟ್‌ಬಾಲ್ ಆಟ

ವರ್ಷದ ಖಾರಕ್ಕೆಂದು ತಂದ ಮೆಣಸಿನಕಾಯಿಯನ್ನು ಮಾಳಿಗೆಯ ಮೇಲೆ ಒಣಗಿಸಿ, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ, ಹಿತ್ತಲ ಬಾಗಿಲಿಗೆ ಬೆನ್ನು ಕೊಟ್ಟು ತುಂಬು, ಅಂದರೆ ಕಾಯಿಯ ತೊಟ್ಟು, ಮುರಿಯಲು ಕೂರುವುದು ನನ್ನ ರೂಢಿ. ಈ ಸಲ ಸೊಸೆ ರಬ್ಬರಿನ ಕೈಗವಸು ತಂದುಕೊಟ್ಟಳು. ಹಾಕಿಕೊಂಡು ನೋಡಿದೆ. ತುಂಬು ಎಲ್ಲಿದೆ, ಕಾಯಿ ಎಲ್ಲಿದೆ ತಿಳಿಯಲೇ ಇಲ್ಲ. ತೆಗೆದು ಬಾಜೂಕ್ಕೆ ಇಟ್ಟು, ಅಂಗೈಗೆ ಹರಳೆಣ್ಣೆ ಸವರಿಕೊಂಡು ಕುಳಿತೆ. ಒಂದು ಬುಟ್ಟಿ ಮುಗಿಯುವುದರೊಳಗೆ ಬೆರಳ ಸಂದಿಯಲ್ಲಿ ಉರಿ ಶುರುವಾಯಿತು, ಗಂಟಲಲ್ಲಿ ಘಾಟು ಕೂತಿತು. ಆ ಘಾಟಿನ ಹಿಂದೆಯೇ, ಯಾವ ಸಂಬಂಧವೂ ಇಲ್ಲದವರ ಹಾಗೆ, ಬಿಳಿ ಅಂಗಿ ತೊಟ್ಟು ಕೆಸರಿನಲ್ಲಿ ಓಡುವ ಹನ್ನೊಂದು ಮಂದಿ ಕಣ್ಣ ಮುಂದೆ ಬಂದರು. ಪ್ರತಿ ವರ್ಷವೂ ಬರುತ್ತಾರೆ.

ನಮ್ಮ ಊರು ಕುಬಿಹಾಳ ದಾಟಿದ ಮೇಲೆ. ಹುಬ್ಬಳ್ಳಿಯ ಕಡೆಯಿಂದ ಬಂದರೆ ಊರಿನ ಮೊದಲ ಮನೆ ನಮ್ಮದು. ಎಂಬತ್ತರ ದಶಕದ ನಡುವಿನ ಮಾತು ಇದು. ಸಂಜೆಯ ಬಸ್ಸು ದೂರದಿಂದಲೇ ಕೇಳಿಸುತ್ತಿತ್ತು. ಕಂಡಕ್ಟರ್ ಬಸ್ಸಿನೊಳಗಿನ ಹಗ್ಗ ಜಗ್ಗಿ ಗಂಟೆ ಬಾರಿಸುವುದು ಕೂಡ ನಮ್ಮ ಕಟ್ಟೆಗೆ ಕೇಳುತ್ತಿತ್ತು. ಒಂದು ಗಂಟೆ ಅಂದರೆ ನಿಲ್ಲಿಸು, ಎರಡು ಅಂದರೆ ಹೋಗು. ಆದರೆ ಸೋಮವಾರ ಸಂಜೆ ಮಾತ್ರ ನಮ್ಮ ಮನೆ ಹತ್ತಿರವಾದಂತೆ ಗಂಟೆ ಲೆಕ್ಕ ತಪ್ಪುತ್ತಿತ್ತು. ಒಮ್ಮೆ ಎರಡು, ಒಮ್ಮೆ ಮೂರು. ಒಂದೇ ಬಾರಿಸಿದ ದಿನ ಬಸ್ಸು ರೂಢಿಯ ಮೇಲೆ ತುಸು ತಡವರಿಸಿ, ನೆನಪಾದವರಂತೆ ಮತ್ತೆ ಮುಂದಕ್ಕೆ ಹೋಗುತ್ತಿತ್ತು.

ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಹಾಗಾಗಿ ಅಂದು ಅಜ್ಜ, ಅಪ್ಪ ಇಬ್ಬರೂ ಕಟ್ಟೆಯ ಮೇಲೆ ಇರುತ್ತಿದ್ದರು. ಈ ಗಂಟೆಯ ಗುಟ್ಟು ಏನೆಂದು ಇಬ್ಬರಿಗೂ ತಿಳಿಯದು. ಒಂದು ದಿನ ಬಸ್ಸಿನ ಇಂಜಿನ್ನು ಕಾದು ನಮ್ಮ ಮನೆಯ ಮುಂದೆಯೇ ನಿಂತಿತು. ಕಂಡಕ್ಟರ್ ದಾವಲಸಾಬ ಕೊಡ ನೀರು ಕೇಳಲು ಬಂದ. ಅವ್ವ ನೀರು ಕೊಟ್ಟಳು, ಅಜ್ಜ ಪ್ರಶ್ನೆ ಕೇಳಿದ.

"ಅಲ್ಲಪಾ, ಸ್ವಾಮಾರ ಸ್ವಾಮಾರ ಅದೇನ ಹಂಗ ಗಂಟಿ ಬಾರಸ್ತಿ?"

"ಅದ್ರಿ? ಹುಬ್ಬಳ್ಳ್ಯಾಗ ನಮ್ಮಣ್ಣ ಹತ್ತಿ ಗಿರಣ್ಯಾಗ ಅದಾನ್ರಿ. ಗಿರಣಿಗೆ ಸ್ವಾಮಾರ ಸೂಟಿ. ಅವತ್ತ ಗಿರಣಿಯವರದು ಫುಟ್‌ಬಾಲ್ ಆಟ ಇರತೈತಿ. ನಮ್ಮವರು ಎಷ್ಟ ಗೋಲ ಹೊಡೀತಾರೋ ಅಷ್ಟ ಗಂಟಿ ಬಾರಸ್ಕೋತ ಬರ್ತೀನ್ರಿ, ಊರೂರಿಗೆ."

"ನಾವು ಹತ್ತಿ ಹಾಕಿ ಬರೂದು ಆ ಗಿರಣಿಗೇನ?" ಎಂದು ಅಪ್ಪ ಕೇಳಿದ.

"ಅದಕರಿ ಅಣ್ಣಾರ. ಬಿಳಿ ಅಂಗಿ ನಮ್ಮವರದು. ಹತ್ತಿ ಹಂಗ."

ಅಷ್ಟು ಸಾಕಾಯಿತು. ಫುಟ್‌ಬಾಲನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಊರಲ್ಲಿ ಟಿವಿ ಇರಲಿಲ್ಲ, ಶಾಲೆಯಲ್ಲಿ ಕಬಡ್ಡಿ, ಖೊಖೊ ಬಿಟ್ಟರೆ ಬೇರೆ ಆಟವಿರಲಿಲ್ಲ. ಆದರೂ ಆ ಸೋಮವಾರದಿಂದ ಗಿರಣಿಯ ಟೀಮು ನಮ್ಮ ಮನೆಯದಾಯಿತು. ಬಸ್ಸಿನ ಸದ್ದು ಬಂದೊಡನೆ ಅಜ್ಜ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸುವನು. ಎರಡು ಗಂಟೆಯಾದರೆ "ಎರಡ್ಲೆ ಗೆದ್ದಾರ" ಎನ್ನುವನು. ಗಂಟೆಯೇ ಇಲ್ಲದಿದ್ದರೆ "ಇವತ್ತ ಆಟ ಇಲ್ಲ" ಎನ್ನುವನು. ಎದುರಿನವರೂ ಗೋಲು ಹೊಡೆಯಬಹುದು ಎಂಬುದು ನಮಗೆ ಹೊಳೆಯಲೇ ಇಲ್ಲ. ಗೆದ್ದದ್ದಕ್ಕಲ್ಲದೆ ಯಾರಾದರೂ ಗಂಟೆ ಬಾರಿಸುತ್ತಾರೆಯೇ? ವರ್ಷ ಕಳೆಯುವುದರೊಳಗೆ ಹುಬ್ಬಳ್ಳಿಯ ಗಿರಣಿಯವರು ಒಮ್ಮೆಯೂ ಸೋಲದ ಗಂಡುಗಳು ಎಂದು ನಮ್ಮ ಕಟ್ಟೆಯ ಮೇಲೆ ಖಾಯಂ ಆಗಿ ಹೋಯಿತು.

ಇನ್ನು ಅವ್ವನ ಮಾತು. ದಾರಿಗೆ ಹತ್ತಿದ ನಮ್ಮ ದೊಡ್ಡ ಹೊಲಕ್ಕೆ ಅಜ್ಜ ಬಹಳ ವರ್ಷಗಳಿಂದ ಮೆಣಸಿನಕಾಯಿಯನ್ನೇ ಹಚ್ಚಿಸುತ್ತ ಬಂದಿದ್ದ. ಗಂಡಸರ ಕೆಲಸ ಅಗಿ, ಅಂದರೆ ಸಸಿ, ನೆಡುವ ತನಕ, ಸಾಲಿನ ನಡುವೆ ಎಡೆ ಹೊಡೆಯುವ ತನಕ. ಅಲ್ಲಿಂದಾಚೆ ಬಿಡಿಸುವುದು, ಒಣಗಿಸುವುದು, ಆರಿಸುವುದು ಎಲ್ಲ ಹೆಂಗಸರ ಕೆಲಸ. ಆಳುಗಳು ನಾಳೆ ಬರುವುದಿಲ್ಲ ಎನ್ನಬಹುದು, ಅವ್ವ ಎನ್ನುವ ಹಾಗಿರಲಿಲ್ಲ. ಅವಳ ಅಂಗೈಯ ಚರ್ಮ ಸುಲಿದು ಸುಲಿದು ಬಿರುಕು ಬಿಟ್ಟಿತ್ತು. ಬೇಸಿಗೆ ಕಳೆದರೂ ಆ ಬಿರುಕು ಮುಚ್ಚುತ್ತಿರಲಿಲ್ಲ. ಸಂಜೆ ಓಣಿಯ ಎಲ್ಲ ಮನೆಗಳಿಂದ ರೊಟ್ಟಿ ಬಡಿಯುವ ಸಪ್ಪಳ ಪಟಪಟ ಬರುತ್ತಿದ್ದರೆ ನಮ್ಮ ಮನೆಯದು ಮಾತ್ರ ಮೆತ್ತಗೆ, ಹಸಿ ಗೋಡೆಗೆ ಕೈಯಿಟ್ಟ ಹಾಗೆ. ಅಂಗೈ ತಾಗಿಸದೆ ಬೆರಳ ತುದಿಯಲ್ಲಿ ಬಡಿಯುತ್ತಿದ್ದಳು. ಕೈ ಹೇಗೋ ಸಹಿಸಿದಳು. ಹಿಂದಿನ ವರ್ಷ ಕಣದಲ್ಲಿ ಕಾಯಿ ತೂರುವಾಗ ಉಸಿರು ಹಿಡಿದುಕೊಂಡು ಕುಸಿದು ಕೂತಳು. ಅದರ ನಂತರ ಮೆಣಸಿನಕಾಯಿಯ ಹೆಸರು ತೆಗೆದರೆ ಅವಳ ಮುಖ ಬಿಳುಪೇರುತ್ತಿತ್ತು.

ಆ ವರ್ಷ ಮಳೆ ಶುರುವಾಗುವ ಮುಂಚೆ ಒಲೆಯ ಮುಂದೆ ಅವ್ವ, ಅಪ್ಪ ಇಬ್ಬರೂ ಮಾತಾಡಿದ್ದನ್ನು ನಾನು ಕಟ್ಟಿಗೆ ಒಟ್ಟುತ್ತ ಕೇಳಿಸಿಕೊಂಡೆ.

"ಈ ವರ್ಷ ಆ ಹೊಲಕ ಹತ್ತಿ ಹಾಕೂಣಂತ ಮಾವಾರಿಗೆ ಹೇಳ್ರಿ. ಹತ್ತಿ ಬಿಡಸೂದೇನ ಸುಖದ ಕೆಲಸಲ್ಲ, ಖರೆ. ಆದರ ಉಸರರ ಆಡತೈತಿ."

ಅಪ್ಪ ಒಲೆಯ ಕೊಳ್ಳಿಯನ್ನು ಹಿಂದೆ ಮುಂದೆ ಸರಿಸಿದ. "ಏನಂತ ಹೇಳ್ಲಿ? ನನ್ನ ಹೇಂತಿ ಕೈ ಉರೀತಾವಂತ ಅಪ್ಪನ ಮುಂದ ನಿಂತು ಹೇಳ್ಲ್ಯಾ? ನಗತಾನ ಅವ. ನಿಮ್ಮವ್ವ ಸಾಯೂ ತನಕ ಬಿಡಿಸಿದ್ಲು, ಒಂದ ಮಾತ ಅಂದಿದ್ದಿಲ್ಲ ಅಂತಾನ."

"ಹಂಗಾದರ ಬ್ಯಾಡ ಬಿಡ್ರಿ" ಎಂದಳು ಅವ್ವ. ಅವಳು ಬಿಟ್ಟಳು. ಅಪ್ಪನಿಗೆ ಬಿಡಲಾಗಲಿಲ್ಲ.

ಯಾವ ಹೊಲಕ್ಕೆ ಏನು ಎಂಬುದನ್ನು ಅಜ್ಜ ಕಾರಹುಣ್ಣಿವೆಯ ದಿನ ತೀರ್ಮಾನಿಸುತ್ತಿದ್ದ. ಅಂದು ಊರ ಅಗಸಿಯ ಬಾಗಿಲಿಗೆ ಬೇವಿನ ಎಲೆ, ಕೊಬ್ಬರಿ ಕಟ್ಟಿದ ಹಗ್ಗ ಬಿಗಿದು ಎತ್ತುಗಳನ್ನು ಓಡಿಸುತ್ತಾರೆ. ಆ ಹಗ್ಗವೇ ಕರಿ, ಓಡಿ ಬಂದ ಎತ್ತು ಅದನ್ನು ಕಡಿಯುವುದಕ್ಕೆ ಕರಿ ಹರಿಯುವುದು ಎನ್ನುತ್ತಾರೆ. ಬಿಳಿ ಎತ್ತು ಮೊದಲು ಹರಿದರೆ ಆ ವರ್ಷ ಬಿಳಿ ಬೆಳೆ ಕೈ ಹಿಡಿಯುತ್ತದೆ, ಕೆಂದೆತ್ತು ಹರಿದರೆ ಕೆಂಪು ಬೆಳೆ. ಸಾಲಾಗಿ ಹಲವು ವರ್ಷ ಕೆಂದೆತ್ತೇ ಹರಿದಿತ್ತು. ಆದರೆ ಆ ವರ್ಷ ಕಾರಹುಣ್ಣಿವೆಯ ಬೆಳಗ್ಗೆಯೇ ಊರ ಹಿರಿಯರೊಬ್ಬರು ತೀರಿಕೊಂಡರು. ಎತ್ತಿಗೆ ಬಳಿದ ಬಣ್ಣ ಹಾಗೇ ಉಳಿಯಿತು. ಕರಿ ಹರಿಯಲಿಲ್ಲ.

ಆಮೇಲಿನ ದಿನಗಳ ಚಡಪಡಿಕೆಯನ್ನು ಹೇಗೆ ಹೇಳಲಿ. ಮಳೆ ಬರುವುದು, ನಿಲ್ಲುವುದು. ಹಿತ್ತಲ ಮಡಿಯಲ್ಲಿ ಮೆಣಸಿನ ಅಗಿ ಗೇಣುದ್ದ ಬೆಳೆದು ಬಾಗತೊಡಗಿತ್ತು. ಬಿತ್ತಲೆಂದು ತೆಗೆದಿಟ್ಟ ಹತ್ತಿಕಾಳಿನ ಚೀಲ ಪಡಸಾಲೆಯ ಮೂಲೆಯಲ್ಲಿತ್ತು. ಅಜ್ಜ ಬೆಳಗ್ಗೆ ಎದ್ದು ಮಡಿಯ ಹತ್ತಿರ ಹೋಗಿ ನಿಲ್ಲುವನು, ಒಳಗೆ ಬಂದು ಚೀಲಕ್ಕೆ ಕೈಹಾಕಿ ಕಾಳು ನೋಡುವನು, ಮತ್ತೆ ಹೊರಗೆ. ಊಟಕ್ಕೆ ಕೂತವನು ಅರ್ಧಕ್ಕೆ ಎದ್ದು ಮುಗಿಲು ನೋಡಲು ಹೋಗುವನು. "ಯಾರರ ಏನರ ಹೇಳ್ರಿ, ನನಗ ಯಾವುದೂ ತೋಚವಲ್ಲದು" ಎಂದು ರೇಗುವನು. ಅವ್ವ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಅಜ್ಜನ ಹೆಜ್ಜೆ ಯಾವ ಕಡೆ ಹೋಗುತ್ತದೆಂದು ಕೇಳುತ್ತಿದ್ದಳು. ಮಡಿಯ ಕಡೆ ಹೋದರೆ ಅವಳ ಉಸಿರು ಬದಲಾಗುತ್ತಿತ್ತು.

ಆಗ ಅಪ್ಪನಿಗೆ ಹೊಳೆಯಿತು. ದಾವಲಸಾಬನಿಂದ ಅವನಿಗೆ ಸುದ್ದಿ ಸಿಕ್ಕಿತ್ತು. ಬರುವ ಸೋಮವಾರ ಗಿರಣಿಯವರಿಗೂ ಗದಗಿನ ಕಡೆಯ ಒಂದು ಟೀಮಿಗೂ ಆಟ. ಆ ಟೀಮಿನ ಅಂಗಿ ಕೆಂಪು.

ಅಪ್ಪ ಅವಸರ ಮಾಡಲಿಲ್ಲ. ಎತ್ತಿಗೆ ಹುಲ್ಲು ಹಾಕುತ್ತ, ಅಜ್ಜನ ಕಡೆ ನೋಡದೆ ಅಂದ. "ಯಪ್ಪಾ, ಸ್ವಾಮಾರ ಬಿಳೀ ಅಂಗಿಯವರು ಕೆಂಪ ಅಂಗಿಯವರು ಆಡ್ತಾರಂತ."

ಅಜ್ಜ ನಿಂತ. "ಹೌದೇನು?"

"ಕರಿ ಹರದಂಗ ಅಲ್ಲೇನು ಅದೂ? ಎತ್ತಿನ ಬದಲಿ ಮನಶ್ಯಾರು ಓಡ್ತಾರ. ನೀ ಕಣ್ಲೆ ನೋಡಿ ಬಂದು ಹೇಳಿಬಿಡು. ಬಿಳೀದು ಗೆದ್ರ ಬಿಳೀದು. ಕೆಂಪು ಗೆದ್ರ ಕೆಂಪು."

ಅಜ್ಜ ಎತ್ತಿನ ಡುಬ್ಬದ ಮೇಲೆ ಕೈಯಿಟ್ಟುಕೊಂಡು ಯೋಚಿಸಿದ. ಆ ಎತ್ತನ್ನೇ ಕೇಳುತ್ತಿದ್ದಾನೇನೋ ಅನ್ನಿಸಿತು ನನಗೆ. "ಮಾತಿಗೆ ಕಟ್ಟು ಬಿದ್ದು ಇರಬೇಕು ನೋಡು" ಎಂದ. "ಇರ್ತೀವಿ" ಎಂದ ಅಪ್ಪ. ಒಳಗೆ ಬಂದು ಅವ್ವನಿಗೆ ಪಿಸುಗುಟ್ಟಿದ, "ಗಿರಣಿಯವರು ಎಂದರ ಸೋತಾರೇನು? ಹತ್ತೀನ ಹಾಕ್ಸ್ತಾನ ತಗೋ." ಅವ್ವ ಬಹಳ ದಿನದ ಮೇಲೆ ಹಲ್ಲು ಕಾಣುವ ಹಾಗೆ ನಕ್ಕಳು.

ಎಲ್ಲರೂ ಹೋಗುವುದೆಂದಾಯಿತು. ಅವ್ವನನ್ನೂ ಕರೆದುಕೊಂಡು ಹೋಗುವುದು ಅಜ್ಜನ ಅಪ್ಪಣೆ. ಬುತ್ತಿ ಹೊತ್ತುಕೊಳ್ಳಲು ಒಬ್ಬರು ಬೇಕಲ್ಲ. ನಾನು ಏಳನೆಯ ಇಯತ್ತೆಯಲ್ಲಿದ್ದೆ, ತಮ್ಮ ಬಸು ಇನ್ನೂ ಸಾಲೆಗೆ ಸೇರಿರಲಿಲ್ಲ. ಆ ವಾರವೆಲ್ಲ ಜಿಟಿಜಿಟಿ ಮಳೆ. ಎರಿ ಮಣ್ಣು ಕಾಲಿಗೆ ಮೆತ್ತಿ ಬಿಡದು. ಭಾನುವಾರ ಸಂಜೆ ಅಪ್ಪ ಹತ್ತು ಸಲ ಅಂಗಳಕ್ಕೆ ಹೋಗಿ ಬಂದ. "ಆಟಾನ ನಿಲ್ಲಸ್ತಾರೇನ ಮತ್ತ?" ಎಂದು ತನಗೆ ತಾನೇ ಕೇಳಿಕೊಂಡ. ಅವ್ವ ಮರುದಿನದ ಬುತ್ತಿಗೆಂದು ಕಟಿರೊಟ್ಟಿ ಮಾಡಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಕೆನೆಮೊಸರು ಕಟ್ಟಿಟ್ಟಳು. ತವರಿಗೆ ಹೋಗುವಾಗ ಉಡುವ ಇಳಕಲ್ ಸೀರೆ ತೆಗೆದು ಗೂಟಕ್ಕೆ ಹಾಕಿದಳು.

ಸೋಮವಾರ ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋದೆವು. ಮೈದಾನ ಕಂಡಾಗ ಅಜ್ಜನ ಮೊದಲ ಮಾತು, "ಇಷ್ಟ ಛಲೋ ಎರಿ ಹೊಲ, ಸುಮ್ಮನ ಬಿಟ್ಟಾರಲ್ಲೋ!" ಒಂದು ಬದಿಗೆ ಬಡಿಗೆ ನೆಟ್ಟು ಹಲಗೆ ಹೊಡೆದಿದ್ದರು, ಜನ ಕೂರಲು. ನಾವು ಬಹಳ ಮುಂಚೆ ಹೋಗಿದ್ದೆವು. ಅಜ್ಜ ಮೊದಲ ಹಲಗೆಯ ಮೇಲೆ ಕೂತ. ಅವನ ಬಾಜೂಕ್ಕೆ ಅಪ್ಪ, ಬಸು. ಅವ್ವ ಬುತ್ತಿಯ ಗಂಟು ಹಿಡಿದುಕೊಂಡು ಕೆಳಗೆ ಹಸಿ ನೆಲದ ಮೇಲೆಯೇ ಕೂತಳು. ಮಾವನ ಸರಿಸಮ ಅವಳು ಎಂದೂ ಕೂತವಳಲ್ಲ, ಅವನ ಎದುರಿಗೆ ತಲೆಯ ಮೇಲಿನ ಸೆರಗು ಸರಿಸಿದವಳೂ ಅಲ್ಲ.

ಜನ ತುಂಬತೊಡಗಿದರು. ನಮ್ಮ ಹಿಂದಿನ ಹಲಗೆಗೆ ನಶ್ಯದ ಡಬ್ಬಿ ಹಿಡಿದ ಒಬ್ಬ ಮುದುಕ ಬಂದು ಕೂತ. ಗಿರಣಿಯಲ್ಲಿ ದುಡಿದು ನಿವೃತ್ತನಾದವನಂತೆ. ಅವ್ವನನ್ನು ನೋಡಿ ಕೂಗಿದ, "ಏ ತಂಗೀ, ಅಲ್ಲಿ ಕುಂದರಬ್ಯಾಡವಾ! ಬಾಲು ಬಂದು ಬಡದ್ರ ಬುತ್ತಿ ಅಲ್ಲ, ಬುರುಡೀನ ಒಡೀತೈತಿ. ಮ್ಯಾಲ ಬಾ!"

ಅವ್ವ ಅಪ್ಪನ ಮುಖ ನೋಡಿದಳು, ಅಪ್ಪ ಅಜ್ಜನ ಮುಖ ನೋಡಿದ. ಅಜ್ಜ ಎತ್ತಲೋ ನೋಡುತ್ತ "ಕುಂದ್ರಲಿ" ಎಂದ. ಅವ್ವ ಹಲಗೆಯ ತುದಿಗೆ ಕೂತಳು. ಆದರೆ ಆ ಕಡೆಯಿಂದ ಗಿರಣಿಯ ಹುಡುಗರ ಗುಂಪು ನುಗ್ಗಿ, "ಸರೀರಿ ಸರೀರಿ" ಎಂದು ಒತ್ತಿ, ಒತ್ತಿದ್ದು ಒತ್ತಿದಂತೆ ನಾವೆಲ್ಲ ಹಿಂದು ಮುಂದಾಗಿ, ಸೀಟಿ ಊದುವ ಹೊತ್ತಿಗೆ ಅವ್ವ ಅಜ್ಜನ ಬಗಲಿಗೇ ಬಂದು ಕೂತಿದ್ದಳು. ಅವಳು ಮೈಯನ್ನು ಹಿಡಿಯಷ್ಟು ಮಾಡಿಕೊಂಡು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಬಿಳಿ ಅಂಗಿಯವರು ಓಡಿ ಬಂದಾಗ ಅಜ್ಜ ಎದ್ದು ನಿಂತ. ಇಷ್ಟು ದಿನ ಗಂಟೆಯಾಗಿ ಕೇಳಿಸುತ್ತಿದ್ದವರು ಕಾಲು ಕೈ ಇರುವ ಮನುಷ್ಯರಾಗಿ ಎದುರಿಗೆ ಬಂದಿದ್ದರು. ಒಬ್ಬನ ಕಾಲು ಕೋಲಿನಷ್ಟು ಸಣ್ಣ. ಒಬ್ಬನಿಗೆ ಹೊಟ್ಟೆಯೂ ಇತ್ತು. "ಇವರೇನಲೇ?" ಎಂದ ಅಜ್ಜ, ತುಸು ಸಪ್ಪಗೆ. "ಇವರ ಯಪ್ಪಾ" ಎಂದ ಅಪ್ಪ.

ಆಟ ಶುರುವಾಗಿ ನಮಗೆ ದಿಕ್ಕು ತಿಳಿಯುವುದರೊಳಗೆ ಆ ಹೊಟ್ಟೆಯವನೇ ಚೆಂಡನ್ನು ಒದ್ದ. ಅದು ಬಲೆಯೊಳಗೆ ಹೋಗಿ ಬಿತ್ತು. ಹಲಗೆಗಳೆಲ್ಲ ನಡುಗಿದವು. "ಗೋಲ್!" ಎಂದು ಎಲ್ಲರೂ ಕೂಗಿದರು. ಅಪ್ಪ ಎರಡೂ ಕೈ ಮೇಲೆತ್ತಿದ. "ಹರೀತು! ಯಪ್ಪಾ, ಬಿಳೀದು ಹರೀತು!"

"ಹರೀತಲ್ಲೋ!" ಎಂದ ಅಜ್ಜ. ಮುಖವೆಲ್ಲ ನಗು. ರುಮಾಲು ಸರಿಪಡಿಸಿಕೊಂಡ. "ಮುಗೀತು. ನಡೀರಿ, ಹೋಗೂಣು."

ಕರಿ ಹರಿದ ಮೇಲೆ ಮುಗಿಯಿತಲ್ಲ. ಅಪ್ಪ ಬಸುವನ್ನು ಎತ್ತಿಕೊಂಡ, ಅವ್ವ ಬುತ್ತಿ ಎತ್ತಿಕೊಂಡಳು, ನಾನು ಚಪ್ಪಲಿ ಹುಡುಕಿಕೊಂಡೆ. ಎಲ್ಲರೂ ಸಾಲಾಗಿ ಎದ್ದು ನಿಂತೆವು.

"ಏ ಯಜಮಾನ್ರ! ಕುಂದರ್ರೀ! ಹಿಂದಿನವರಿಗೆ ಕಾಣವಲ್ಲದು!" ಎಂದ ನಶ್ಯದ ಮುದುಕ. "ಎತ್ತಾಗ ಹೊಂಟ್ರಿ?"

"ಗೆದ್ದರಲ್ಲಪಾ, ಊರಿಗೆ ಹೊಂಟೀವಿ."

"ಈಗ ಶುರು ಆಗೇತ್ರೀ! ಒಂದ ಗೋಲಿಗೆ ಗೆದ್ದಂಗಾದ್ರ ನಮ್ಮವರು ಹಿಂಗ್ಯಾಕ ಇರತಿದ್ರು?"

ಅಜ್ಜ ನಿಧಾನ ಕೂತ. ಅಪ್ಪ ನಿಂತೇ ಇದ್ದ. "ಯಪ್ಪಾ, ಕರಿ ಹರೀತಂದ್ರ ಹರೀತು. ಎತ್ತನ್ನ ಎರಡನೇ ಸಲ ಓಡಸ್ತಾರೇನು? ನಡಿ ಹೋಗೂಣು, ಮಳೀ ಬರತೈತಿ."

"ಕುಂದರಲೇ. ಅವರ ಆಟದ ರೀತಿ ಏನೈತೋ ಹಂಗ ನೋಡೂಣು."

ಅಪ್ಪ ಕೂತ. ಅವ್ವನ ಕಡೆ ನೋಡಿದೆ. ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು, ಅವಳೂ ತಟ್ಟುತ್ತಿದ್ದಳು. ಆದರೆ ಅಂಗೈಗೆ ಅಂಗೈ ತಾಗಿಸಿ ಅಲ್ಲ. ಎರಡೂ ಕೈಯನ್ನು ಮಗುಚಿ, ಹಿಂಗೈಗೆ ಹಿಂಗೈ ಬಡಿಯುತ್ತಿದ್ದಳು. ಸಪ್ಪಳವೇ ಇಲ್ಲ. ಬಳೆ ಮಾತ್ರ ಕಿಣಿಕಿಣಿ. ಅಜ್ಜ ಆ ಬಳೆಯ ಸದ್ದಿಗೆ ತಿರುಗಿ ನೋಡಿದ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದರೂ ಆ ಕೈಗಳನ್ನು ಅವನು ಅಷ್ಟು ಹತ್ತಿರದಿಂದ ನೋಡಿರಲಿಕ್ಕಿಲ್ಲ. ತಾಟು ಮುಂದಿಟ್ಟು ಮರೆಗೆ ಸರಿಯುವ ಕೈಗಳಷ್ಟೇ ಅವನಿಗೆ ಗೊತ್ತು. ಅವ್ವ ಗಾಬರಿಯಾಗಿ ಕೈ ಒಳಗೆಳೆದುಕೊಂಡಳು. ಅಜ್ಜ ಮೈದಾನದ ಕಡೆ ತಿರುಗಿದ.

ಆಮೇಲೆ ಕೆಂಪು ಅಂಗಿಯವರು ಒಂದು ಗೋಲು ಹೊಡೆದರು.

ನಮ್ಮ ಸಾಲು ಕಲ್ಲಾಯಿತು. ಅಜ್ಜ ಹಿಂದಕ್ಕೆ ತಿರುಗಿ ನಶ್ಯದ ಮುದುಕನನ್ನು ಕೇಳಿದ, "ಅವರೂ ಹೊಡೀತಾರೇನು?"

"ಮತ್ತ? ಕೈ ಕಟಗೊಂಡ ನಿಂದ್ರಾಕ ಬಂದಾರೇನ್ರಿ? ಹ್ವಾದ ಸ್ವಾಮಾರ ನಮ್ಮವರು ನಾಕು ತಿಂದ್ರು."

"ಎರಡ ಗಂಟಿ ಬಾರಿಸಿದ್ನಲ್ಲಪಾ ದಾವಲಸಾಬ?"

"ಯಾರೋ ಏನೋ. ಎರಡ ಹೊಡದ್ರು, ನಾಕು ಹೊಡಸಿಕೊಂಡ್ರು. ಈ ವರ್ಷ ಗೆದ್ದದ್ದ ನನಗ ನೆನಪಿಲ್ಲರಿ."

ಅಪ್ಪ ಅವ್ವನ ಕಡೆ ನೋಡಲಿಲ್ಲ, ಅವಳೂ ನೋಡಲಿಲ್ಲ. ನಡುವೆ ಬಿಡುವಾದಾಗ ಬುತ್ತಿ ಬಿಚ್ಚಿದೆವು. ನಶ್ಯದ ಮುದುಕನಿಗೂ ರೊಟ್ಟಿ ಕೊಟ್ಟಳು ಅವ್ವ. ಅವನು ಚಟ್ನಿ ಹೊಗಳುತ್ತಲೇ ಇದ್ದ. ನಮ್ಮ ಪಾಲಿನ ರೊಟ್ಟಿ ಹಾಗೇ ಗಂಟಿಗೆ ಮರಳಿತು.

ಮತ್ತೆ ಆಟ ಶುರುವಾಗುವ ಹೊತ್ತಿಗೆ ಮಳೆ ಬಂತು. ಎರಿ ನೆಲ ಹಿಟ್ಟು ಕಲಸಿದ ಹಾಗಾಯಿತು. ಬಿದ್ದು ಎದ್ದು ಎಲ್ಲರ ಅಂಗಿಯೂ ಕಪ್ಪು. ಯಾರು ಬಿಳಿ, ಯಾರು ಕೆಂಪು ಎಂದು ನಮಗೆ ತಿಳಿಯದೆ ಜನ ಕೂಗಿದಾಗ ಕೂಗುವುದು, ಬೈದಾಗ ಬೈಯುವುದು. ಒಮ್ಮೆ ಯಾರೂ ಕೂಗಲಿಲ್ಲ. ಎಲ್ಲರೂ "ಛೇ" ಎಂದರು. ಕೆಂಪಿನವರದು ಎರಡಾಗಿತ್ತು.

ಕೊನೆಗೆ ಗಿರಣಿಯವರು ಒಟ್ಟಾಗಿ ನುಗ್ಗಿದರು. ಆ ಕೋಲುಗಾಲಿನವನು ಒದ್ದ ಚೆಂಡು ಎಲ್ಲರನ್ನೂ ದಾಟಿ ಖಾಲಿ ಬಲೆಯ ಕಡೆ ಉರುಳುತ್ತ ಹೋಯಿತು. ಅವ್ವ ಎದ್ದು ನಿಂತಳು. ಸೆರಗು ಹೆಗಲಿಗೆ ಜಾರಿತು. "ಹೋಗು! ಹೋಗ ನನ್ನಪ್ಪಾ, ಹೋಗು!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಅವಳ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಚೆಂಡು ಬಲೆಯ ಬಾಯಿಯ ತನಕ ಹೋಗಿ ಎರಿಯ ಕೆಸರಿನಲ್ಲಿ ಹುದುಗಿ ನಿಂತಿತು. ಒಂದು ಮೊಳ ದೂರ. ಕೆಂಪಿನವನೊಬ್ಬ ಓಡಿ ಬಂದು ಅದನ್ನು ದೂರ ಒದ್ದ. ಸೀಟಿ ಊದಿದರು.

ಅವ್ವ ಇನ್ನೂ ನಿಂತೇ ಇದ್ದಳು. ಅಜ್ಜ ಕೂತಲ್ಲಿಂದ ಅವಳ ಮುಖ ನೋಡಿದ. ಹುಬ್ಬಳ್ಳಿಯ ಒಂದು ಟೀಮು ಸೋತದ್ದಕ್ಕೆ ಯಾರೂ ಹಾಗೆ ಅಳುವುದಿಲ್ಲ.

ಸಂಜೆಯ ಬಸ್ಸಿನಲ್ಲಿ ದಾವಲಸಾಬ ನಮ್ಮನ್ನು ಕಂಡು ಹಿಗ್ಗಿದ. "ನೋಡಿದ್ರ್ಯಾ? ಹೆಂಗಿತ್ತು ಆ ಗೋಲು!" ದಾರಿಯುದ್ದಕ್ಕೂ ಪ್ರತಿ ಊರು ಬಂದಾಗ ದಾವಲಸಾಬ ಒಂದು ಗಂಟೆ ಬಾರಿಸಿದ. ಬಸ್ಸು ಪ್ರತಿ ಸಲ ತಡವರಿಸಿತು. ನಮ್ಮ ಮನೆಯ ಮುಂದೆ ಮಾತ್ರ, ನಮಗಾಗಿ, ಆ ಒಂದು ಗಂಟೆಗೆ ನಿಜವಾಗಿ ನಿಂತಿತು. ನಾವೆಲ್ಲ ಇಳಿದೆವು. ಅಜ್ಜ ಕೊನೆಗೆ ಇಳಿದವನು ಮೆಟ್ಟಿಲು ಹಿಡಿದುಕೊಂಡು ನಿಂತ.

"ಇನ್ನೆರಡ ಉಳದಾವಲ್ಲ, ಅವನೂ ಬಾರ್ಸು."

"ಅವು ನಮ್ಮವಲ್ಲ ಬಿಡ್ರಿ ಯಜಮಾನ್ರ."

"ಹೊಡಸಿಕೊಂಡದ್ದೂ ನಮ್ಮದ ಐತಿ. ಬಾರ್ಸು."

ದಾವಲಸಾಬ ಹಗ್ಗ ಜಗ್ಗಿದ. ಎರಡು ಗಂಟೆ. ಹೋಗು ಎಂದು ತಿಳಿದು ಡ್ರೈವರ್ ಬಸ್ಸು ಬಿಟ್ಟ. ನಾವು ಐದು ಮಂದಿ ಒದ್ದೆ ಬಟ್ಟೆಯಲ್ಲಿ ಅಂಗಳದಲ್ಲಿ ನಿಂತಿದ್ದೆವು.

"ಕೆಂಪು ಗೆದ್ದೈತಿ" ಎಂದ ಅಜ್ಜ. "ಮಾತಂದ್ರ ಮಾತು. ಅಗಿ ಹಚ್ಚೂದ."

ಅವ್ವ ಬುತ್ತಿಯ ಗಂಟು ಹಿಡಿದು ಒಳಗೆ ಹೋದಳು.

ಅಗಿ ಹಚ್ಚಿದ್ದಾಯಿತು. ಆ ಮಳೆಗಾಲದುದ್ದಕ್ಕೂ ಅಪ್ಪ ಅಜ್ಜನ ಜೊತೆ ಬೇಕಾದಷ್ಟೇ ಮಾತಾಡಿದ. ಹೊಲ ಹಸಿರಾಯಿತು, ಹೂವಾಯಿತು, ಕಾಯಿಯಾಯಿತು, ಕೆಂಪಾಯಿತು. ಬೆಳೆ ಬಂಗಾರದ ಹಾಗೆ ಬಂತು. ಅದೇ ಅವ್ವನಿಗೆ ಹೆದರಿಕೆ. ಬಂದಷ್ಟೂ ಬಿಡಿಸಬೇಕಲ್ಲ.

ಬಿಡಿಸುವ ಮೊದಲ ದಿನ ಚಳಿಯಲ್ಲಿ ಹೆಂಗಸರೆಲ್ಲ ಸಾಲು ಹಿಡಿದಿದ್ದರು. ಆಗ ಅಜ್ಜ ರುಮಾಲು ಸುತ್ತಿಕೊಂಡು, ಮಗ್ಗುಲಲ್ಲಿ ಬುಟ್ಟಿ ಇಟ್ಟುಕೊಂಡು ಬಂದ. ಯಾರಿಗೋ ಕೊಡಲು ತಂದಿದ್ದಾನೆಂದು ತಿಳಿದೆವು. ಅವನು ಅವ್ವನ ಪಕ್ಕದ ಸಾಲಿಗೆ ಬಗ್ಗಿ ಕಾಯಿ ಬಿಡಿಸತೊಡಗಿದ. ಹೆಂಗಸರ ಕೈ ನಿಂತವು. ಅಪ್ಪ ಗಿಡಗಳ ನಡುವೆ ಓಡಿ ಬಂದ. "ಯಪ್ಪಾ, ಇದೇನಿದು? ನೀ ಏಳು ಮೊದಲು."

"ನಿನಗ ಬುಟ್ಟಿ ಇಲ್ಲೇನು? ತಗೊಂಡ ಬಾ ಹೋಗು."

ದಾರಿಯಲ್ಲಿ ಚಕ್ಕಡಿ ಹೊಡೆದುಕೊಂಡು ಹೋಗುವವರು ನಗುತ್ತಿದ್ದರು. "ಏನ ಯಜಮಾನ್ರ, ಸೀರೀನೂ ಉಟ್ಟ ಬರ್ರಲ್ಲ!" ಎಂದು ಒಬ್ಬ ಕೂಗಿದ. "ನಿನ್ನ ಹೇಂತೀದು ಕೊಡು, ಉಡತೀನಿ" ಎಂದ ಅಜ್ಜ, ತಲೆ ಎತ್ತದೆ. ಆಳು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅವ್ವ ಮಾತ್ರ ಮಾವ ಬಗ್ಗಿದ ಸಾಲಿನ ಕಡೆ ನೋಡಲೂ ಆಗದೆ, ಬಿಡಲೂ ಆಗದೆ ಚಡಪಡಿಸುತ್ತಿದ್ದಳು.

ನಾಲ್ಕಾರು ದಿನಕ್ಕೇ ಅಜ್ಜನ ಕೈ ಉರಿಯತೊಡಗಿದವು. ಸಂಜೆ ಕಟ್ಟೆಯ ಮೇಲೆ ಕೂತು ಮಜ್ಜಿಗೆಯ ಪಾತ್ರೆಯಲ್ಲಿ ಕೈ ಅದ್ದಿಕೊಂಡು ಇರುವನು. ಕಣ್ಣು ತಿಕ್ಕಿಕೊಂಡು ಒಂದು ದಿನ ಹಾಗೇ ಕುಣಿದ. ಬಸುವನ್ನು ಎತ್ತಿಕೊಳ್ಳಹೋದರೆ ಅವನು ಚೀರಿ ಓಡಿಹೋದ. ಕಣದಲ್ಲಿ ಕಾಯಿ ತೂರುವ ದಿನ ಅವ್ವನನ್ನು ದೂರ ಕಳಿಸಿ ಮೊರವನ್ನು ತಾನೇ ಹಿಡಿದ. ಕೆಮ್ಮಿ ಕೆಮ್ಮಿ ಮುಖ ಕಪ್ಪಿಟ್ಟಿತು. ಅಪ್ಪ ಅವನ ಬೆನ್ನು ತಿಕ್ಕಿದ. ಅಂದು ಸಂಜೆ ಅಜ್ಜ ಬಾಗಿಲ ಕಡೆ ಮುಖ ಮಾಡಿ ಕೇಳಿದ.

"ದಿನಾ ಹಿಂಗ ಉರೀತಿದ್ವೇನ ಬೇ?"

ಬಾಗಿಲ ಮರೆಯಿಂದ ಅವ್ವ ಅಂದಳು, "ಹೂಂನ್ರಿ ಮಾವಾರ."

"ಮತ್ತ ಆಕೀಗೂ ಉರೀತಿದ್ದೂವಲ್ಲ" ಎಂದ ಅಜ್ಜ. ಸತ್ತ ನಮ್ಮ ಅಜ್ಜಿಯ ಮಾತು ಅದು. ಅಜ್ಜ ಮಜ್ಜಿಗೆಯಲ್ಲಿ ಕೈ ತಿರುಗಿಸುತ್ತ ಕೂತಿದ್ದ. ಅಂದು ಸೋಮವಾರ. ಬಸ್ಸು ಬಂತು. ಮೊದಲು ಒಂದು ಗಂಟೆ, ತುಸು ಬಿಟ್ಟು ಮೂರು. ಅಜ್ಜ ಹೇಳಿದಂದಿನಿಂದ ದಾವಲಸಾಬ ಎರಡೂ ಕಡೆಯದನ್ನು ಬಾರಿಸುತ್ತಿದ್ದ. "ಸೋತ್ರು" ಎಂದ ಬಸು. ನಾವು ಆ ಟೀಮನ್ನು ಬಿಟ್ಟಿರಲಿಲ್ಲ. ಬಿಡುವುದು ಯಾರಿಗೂ ಹೊಳೆದಿರಲೇ ಇಲ್ಲ.

ಮುಂದಿನ ಕಾರಹುಣ್ಣಿವೆಗೆ ಊರಲ್ಲಿ ಯಾವ ತೊಡಕೂ ಬರಲಿಲ್ಲ. ಎತ್ತುಗಳಿಗೆ ಬಣ್ಣ ಬಳಿದರು, ಅಗಸಿಗೆ ಕರಿ ಕಟ್ಟಿದರು. ನಾನು ಮಾಳಿಗೆಯ ಮೇಲಿಂದ ನೋಡಿದೆ. ಕೆಂದೆತ್ತು ಎಲ್ಲಕ್ಕಿಂತ ಎರಡು ಮಾರು ಮುಂದೆ ಬಂದು ಕರಿ ಹರಿಯಿತು. ವಾದ ಮಾಡಲು ಯಾರಿಗೂ ಜಾಗವೇ ಇರಲಿಲ್ಲ. ಅಪ್ಪ ಹಗ್ಗ ಹಿಡಿದು ಎತ್ತುಗಳನ್ನು ಮನೆಗೆ ತಂದ, ಗೋದಲಿಗೆ ಕಟ್ಟಿದ. ಒಳಗೆ ಅವ್ವ ಸಂಜೆಯ ರೊಟ್ಟಿಗೆ ಕೂತಿದ್ದಳು. ಆ ಮೆತ್ತನೆಯ ಸಪ್ಪಳ ಬರುತ್ತಿತ್ತು.

ಅಜ್ಜ ಕಟ್ಟೆಯ ಮೇಲೆ ಕೂತು ರುಮಾಲು ಬಿಚ್ಚಿ ಮಗ್ಗುಲಿಗಿಟ್ಟ.

"ದಾರೀ ಹೊಲಕ ಹತ್ತಿ ಹಾಕ್ರಿ" ಎಂದ.

ಅಪ್ಪ ತಿರುಗಿ ನಿಂತ. "ಯಪ್ಪಾ, ಕೆಂದೆತ್ತು ಹರೀತಲ್ಲ?"

"ಹರೀಲಿ." ಅಜ್ಜ ತನ್ನ ಅಂಗೈ ನೋಡಿಕೊಂಡ. "ಹರಿಯೂದು ಎತ್ತು ಹರೀತೈತಿ. ಕಾಯಿ ಬಿಡಸಾಕ ಬರತೈತೇನು?"

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ನಾನು ಬಾಗಿಲಲ್ಲಿ ಇಣುಕಿದೆ. ಅವ್ವ ಹಿಟ್ಟಿನ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕೂತಿದ್ದಳು. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಆಮೇಲೆ ಮತ್ತೊಂದು ಮುದ್ದೆ ತೆಗೆದುಕೊಂಡು, ಅಂಗೈ ಪೂರ್ತಿ ಇಟ್ಟು ಬಡಿಯತೊಡಗಿದಳು. ಕೈ ಇನ್ನೂ ಮಾಗಿರಲಿಲ್ಲ, ನನಗೆ ಗೊತ್ತು. ಆದರೂ ಅಂದಿನ ಆ ಸಪ್ಪಳ ಓಣಿಯ ತುದಿಯ ತನಕ ಕೇಳಿಸಿತು.